ಶ್ರುತಿ ನಿಲ್ಲದ ಗಿಟಾರ್



ಈ ಹೊತ್ತಿನ ಮಾತು ಎಲೆಕ್ಟ್ರಿಕ್ ಗಿಟಾರಿನ ಒಂದು ಕಾಟದ ಬಗ್ಗೆ. ಶ್ರುತಿ ಮಾಡಿರುತ್ತೀರಿ. ಆರೂ ತಂತಿಗಳು ಸರಿಯಾಗಿ ಕೂತಿರುತ್ತವೆ. ಮೊಬೈಲಿನ ಟ್ಯೂನರ್ ಹಸಿರು ಬಣ್ಣ ತೋರಿಸಿ ಒಪ್ಪಿರುತ್ತದೆ. ಒಂದು ಹಾಡು ಮುಗಿಯುತ್ತದೆ. ಎರಡನೆಯ ಹಾಡಿನ ಚರಣಕ್ಕೆ ಬರುವಷ್ಟರಲ್ಲಿ ಎಲ್ಲೋ ಅಪಶ್ರುತಿ. ಮತ್ತೆ ಬಿರಡೆ ತಿರುವುತ್ತೀರಿ. ಮತ್ತೆ ಅದೇ ಕಥೆ. ಕೊನೆಗೆ ನುಡಿಸುವುದಕ್ಕಿಂತ ಶ್ರುತಿ ಮಾಡುವುದೇ ಹೆಚ್ಚಾಗುತ್ತದೆ.

ಇಂಥ ಗಿಟಾರುಗಳು ನನ್ನ ಬೆಂಚಿಗೆ ಬರುತ್ತಲೇ ಇರುತ್ತವೆ. ತರುವವರಲ್ಲಿ ಕಾಲೇಜು ಹುಡುಗರು, ಹುಡುಗಿಯರೇ ಜಾಸ್ತಿ. ಬಂದವರು ತಪ್ಪಿತಸ್ಥರನ್ನೂ ಹಿಡಿದುಕೊಂಡೇ ಬಂದಿರುತ್ತಾರೆ. "ಸಾರ್, ಟ್ಯೂನಿಂಗ್ ನಿಲ್ತಾನೇ ಇಲ್ಲ. ಕೀ ಲೂಸ್ ಆಗಿದೆ. ಹೊಸ ಸೆಟ್ ಹಾಕಿಬಿಡಿ." ಕೀ ಅಂದರೆ ಬಿರಡೆ. ತಂತಿ ಬಿಗಿ ಮಾಡುವ ಕಿವಿ. ಹೊಸ ಸೆಟ್ ಹಾಕಿಕೊಡುವುದು ನನಗೇನೂ ಕಷ್ಟವಲ್ಲ. ಸಾವಿರಾರು ರೂಪಾಯಿಯ ವ್ಯಾಪಾರ. ಆದರೆ ಹಾಕಿದ ಮಾರನೆಯ ವಾರ ಅದೇ ಗಿಟಾರ್ ಅದೇ ದೂರು ಹೊತ್ತು ವಾಪಸು ಬರುತ್ತದೆ. ಏಕೆಂದರೆ ಹೆಚ್ಚಿನ ಸಲ ಬಿರಡೆಯದು ತಪ್ಪಿರುವುದಿಲ್ಲ.

ಬಿರಡೆಯ ಮೇಲೆ ನಮಗೇಕೆ ಇಷ್ಟು ಗುಮಾನಿ? ನನ್ನ ಊಹೆ ಹೀಗಿದೆ. ನಾವು ವೀಣೆ, ತಂಬೂರಿ, ಪಿಟೀಲು ನೋಡಿ ಬೆಳೆದವರು. ಅಲ್ಲಿ ಬಿರಡೆ ಮರದ್ದು. ಮರದ ತೂತಿನಲ್ಲಿ ಮರದ ಬಿರಡೆ. ಅದನ್ನು ಹಿಡಿದು ನಿಲ್ಲಿಸುವುದು ಬರೀ ಘರ್ಷಣೆ. ಹವೆ ಒಣಗಿದರೆ ಬಿರಡೆ ಸಡಿಲವಾಗುತ್ತದೆ, ಜಾರುತ್ತದೆ. ಪಿಟೀಲು ನುಡಿಸುವವರು ಬಿರಡೆಗೆ ಸೀಮೆಸುಣ್ಣ ಸವರುವುದನ್ನು ನೀವು ಕಂಡಿರಬಹುದು. ಹಿಡಿತ ಬರಲಿ ಎಂದು ಹಾಗೆ ಮಾಡುತ್ತಾರೆ.

ಗಿಟಾರಿನ ಬಿರಡೆ ಬೇರೆ ಜಾತಿ. ಅದರ ಹಿಂದೆ ಒಂದು ಪುಟ್ಟ ಲೋಹದ ಡಬ್ಬಿ ಇದೆ. ಡಬ್ಬಿಯೊಳಗೆ ಸ್ಕ್ರೂವಿನಂತೆ ಗೀರು ಕೊರೆದ ಒಂದು ಕಡ್ಡಿ. ಅದಕ್ಕೆ ಹಲ್ಲು ಕೊಟ್ಟು ನಿಂತ ಒಂದು ಚಕ್ರ. ನೀವು ಕಿವಿಯನ್ನು ಸುಮಾರು 15 ಸುತ್ತು ತಿರುವಿದರೆ ತಂತಿ ಸುತ್ತಿಕೊಂಡ ಕಂಬ ಒಂದು ಸುತ್ತು ತಿರುಗುತ್ತದೆ. ಇದರಲ್ಲೊಂದು ಸ್ವಾರಸ್ಯವಿದೆ. ಕಡ್ಡಿ ಚಕ್ರವನ್ನು ತಿರುಗಿಸಬಲ್ಲದು. ಚಕ್ರ ಕಡ್ಡಿಯನ್ನು ತಿರುಗಿಸಲಾರದು. ಅಂದರೆ ತಂತಿ ಎಷ್ಟೇ ಜಗ್ಗಿದರೂ ಬಿರಡೆ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಹಲ್ಲು ಸವೆದಿದ್ದರೆ, ಡಬ್ಬಿಯ ಸ್ಕ್ರೂ ಸಡಿಲಾಗಿದ್ದರೆ ಆ ಮಾತು ಬೇರೆ. ಅದು ಅಪರೂಪ.

ಹಾಗಾದರೆ ತಪ್ಪು ಎಲ್ಲಿ? ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ತಂತಿಗೆ ಎರಡು ತುದಿಗಳಿವೆ. ಎರಡು ತುದಿಗಳಲ್ಲೂ ಅದನ್ನು ಗಟ್ಟಿಯಾಗಿ ಹಿಡಿದಿರಬೇಕು. ನಡುವೆ ಅದು ಮುಟ್ಟುವ ಜಾಗದಲ್ಲೆಲ್ಲ ಸಲೀಸಾಗಿ ಜಾರಬೇಕು. ಶ್ರುತಿ ನಿಲ್ಲದ ಗಿಟಾರಿನಲ್ಲಿ ಇದು ತಿರುಗುಮುರುಗಾಗಿರುತ್ತದೆ. ತುದಿಯಲ್ಲಿ ಜಾರುತ್ತಿರುತ್ತದೆ. ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಈ ಹೊತ್ತು ನಾನು ಹೇಳುವುದೆಲ್ಲ ಈ ಸಿಕ್ಕನ್ನು ಹುಡುಕುವ ಬಗೆ.

ಹುಡುಕುವ ಮೊದಲು ಒಂದೆರಡು ಅಳತೆ ತಿಳಿದಿರಲಿ. ಅಂಗಡಿಯಲ್ಲಿ "ಟೆನ್ ಸೆಟ್ ಕೊಡಿ" ಎಂದು ಕೇಳುತ್ತೀರಲ್ಲ, ಆ ಸೆಟ್ಟಿನ ಅತಿ ತೆಳು ತಂತಿಯ ದಪ್ಪ ಕಾಲು ಮಿಲಿಮೀಟರ್. ಶ್ರುತಿಗೆ ಬಂದಾಗ ಅದರ ಮೇಲೆ ಸುಮಾರು 7 ಕಿಲೋ ಭಾರದ ಎಳೆತ ಇರುತ್ತದೆ. ಆರು ತಂತಿಗಳದು ಸೇರಿದರೆ ಸುಮಾರು 45 ಕಿಲೋ. ಇಷ್ಟು ಎಳೆತಕ್ಕೆ ಉಕ್ಕಿನ ತಂತಿ ಸ್ವಲ್ಪ ಹಿಗ್ಗುತ್ತದೆ. ಸ್ವಲ್ಪ ಅಂದರೆ ಎಷ್ಟು? ಮೊದಲನೆಯ ತಂತಿ, ಅಂದರೆ ಅತಿ ತೆಳುವಾದದ್ದು, ಸುಮಾರು 5 ಮಿಲಿಮೀಟರ್ ಹಿಗ್ಗಿರುತ್ತದೆ. ಮೂರನೆಯ ತಂತಿ, ಜಿ ಸ್ವರದ್ದು, 2 ಮಿಲಿಮೀಟರಿಗೂ ಸ್ವಲ್ಪ ಕಡಿಮೆ.

ಈ ಎರಡನೆಯ ಅಳತೆಯನ್ನು ನೆನಪಿನಲ್ಲಿಡಿ. ಜಿ ತಂತಿಯ ಶ್ರುತಿಯೆಲ್ಲ ಆ 2 ಮಿಲಿಮೀಟರ್ ಹಿಗ್ಗಿನಲ್ಲಿ ಕೂತಿದೆ. ಅದರಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಎಲ್ಲಾದರೂ ಜಾರಿಹೋಯಿತು ಎನ್ನಿ. ತಲೆಗೂದಲಿನ ದಪ್ಪದಷ್ಟು. ಸ್ವರ ಹೆಚ್ಚುಕಡಿಮೆ ಅರ್ಧ ಮೆಟ್ಟಿಲು ಇಳಿದುಬಿಡುತ್ತದೆ. ಮೆಟ್ಟಿಲು ಅಂದರೆ ಫ್ರೆಟ್. ಅಷ್ಟೇ ಜಾರಿದರೆ ಮೊದಲನೆಯ ತಂತಿ ಇಳಿಯುವುದು ಅದರ ಮೂರನೆಯ ಒಂದು ಭಾಗದಷ್ಟು. "ಸಾರ್, ಯಾವಾಗಲೂ ಈ ಜಿ ತಂತಿನೇ ಕಾಟ ಕೊಡುತ್ತೆ" ಎಂದು ಪ್ರತಿಯೊಬ್ಬ ಗಿಟಾರಿಸ್ಟೂ ಗೊಣಗುತ್ತಾನೆ. ಗೊಣಗಾಟ ನಿಜ. ಆ ತಂತಿ ಕೆಟ್ಟದ್ದಲ್ಲ. ಅದರ ಹಿಗ್ಗು ಕಡಿಮೆ. ಅದಕ್ಕೆ ಚಿಕ್ಕ ಕಳವೂ ದೊಡ್ಡ ನಷ್ಟ.

ಇಷ್ಟು ತಿಳಿಯಿತು. ಬಿರಡೆ ತಾನಾಗಿ ತಿರುಗದು. ತಂತಿಯ ಹಿಗ್ಗು ಕೆಲವೇ ಮಿಲಿಮೀಟರಿನ ಮಾತು. ಕೂದಲೆಳೆಯಷ್ಟು ಜಾರಿದರೂ ಕಿವಿಗೆ ಗೊತ್ತಾಗುತ್ತದೆ. ಈಗ ತಂತಿಯ ಒಂದು ತುದಿಗೆ ಹೋಗೋಣ.

ಬಿರಡೆಯ ಕಂಬಕ್ಕೆ ತಂತಿ ಸುತ್ತಿರುತ್ತದಲ್ಲ, ಅಲ್ಲಿ ನೋಡಿ. ಹೊಸಬರು ಉದ್ದ ತಂತಿಯನ್ನು ಕತ್ತರಿಸಲು ಮನಸ್ಸಾಗದೆ ಏಳೆಂಟು ಸುತ್ತು ಸುತ್ತಿರುತ್ತಾರೆ. ಸುತ್ತಿನ ಮೇಲೆ ಸುತ್ತು ಹತ್ತಿ ಕೂತಿರುತ್ತದೆ. ನುಡಿಸಿದಂತೆ ಆ ಸುತ್ತುಗಳು ಒಂದೊಂದಾಗಿ ಬಿಗಿದುಕೊಳ್ಳುತ್ತವೆ. ಬಿಗಿದುಕೊಂಡಷ್ಟೂ ತಂತಿ ಉದ್ದವಾಗುತ್ತದೆ, ಶ್ರುತಿ ಇಳಿಯುತ್ತದೆ. ಬಿರಡೆ ಅಲುಗಿಲ್ಲ. ತಂತಿಯ ಹಿಡಿತವೇ ಸಡಿಲ. ದಪ್ಪ ತಂತಿಗೆ ಎರಡು ಸುತ್ತು, ತೆಳು ತಂತಿಗೆ ಮೂರು ಸುತ್ತು ಸಾಕು. ಸುತ್ತು ಮೇಲಿನಿಂದ ಕೆಳಕ್ಕೆ, ಒಂದರ ಕೆಳಗೊಂದು ಸಾಲಾಗಿ ಇಳಿಯಬೇಕು. ಒಂದರ ಮೇಲೊಂದು ಹತ್ತಬಾರದು. ತೆಳು ತಂತಿಯ ತುದಿಯನ್ನು ಮೊದಲ ಸುತ್ತಿನ ಅಡಿಯಿಂದ ತಂದು ಮೇಲಕ್ಕೆ ಮಡಿಸಿದರೆ ಅದು ತನ್ನನ್ನು ತಾನೇ ಕಚ್ಚಿಕೊಳ್ಳುತ್ತದೆ.

ಹೊಸ ತಂತಿ ಹಾಕಿದ ಮೇಲೆ ಅದನ್ನು ಎಳೆದು ಪಳಗಿಸಬೇಕು. ಶ್ರುತಿ ಮಾಡಿ. ತಂತಿಯ ನಡುಭಾಗವನ್ನು ಬೆರಳಿನಿಂದ ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿ. ಬಿಡಿ. ಶ್ರುತಿ ಇಳಿದಿರುತ್ತದೆ. ಮತ್ತೆ ಏರಿಸಿ. ಮತ್ತೆ ಎತ್ತಿ. ನಾಲ್ಕೈದು ಸಲ ಹೀಗೆ ಮಾಡಿದರೆ ಇಳಿಯುವುದು ನಿಲ್ಲುತ್ತದೆ. ಕಾರ್ಯಕ್ರಮದ ದಿನ ಸಂಜೆ ಹೊಸ ತಂತಿ ಹಾಕಿ, ಪಳಗಿಸದೆ ವೇದಿಕೆ ಹತ್ತುವವರನ್ನು ಕಂಡಿದ್ದೇನೆ. ಅವರ ಧೈರ್ಯಕ್ಕೆ ಮೆಚ್ಚಬೇಕು.

ಶ್ರುತಿ ಮಾಡುವಾಗ ಇನ್ನೊಂದು ಪದ್ಧತಿ ಇರಲಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬಂದು ನಿಲ್ಲಿ. ಸ್ವರ ಹೆಚ್ಚಾಯಿತೋ, ಬೇಕಾದ ಜಾಗಕ್ಕಿಂತ ಕೆಳಕ್ಕೇ ಇಳಿಸಿ. ಅಲ್ಲಿಂದ ಏರಿಸಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಬಿರಡೆಯ ಹಲ್ಲುಗಳ ನಡುವೆ ಒಂದಿಷ್ಟು ಸಡಿಲ ಉಳಿಯುತ್ತದೆ. ಬಿರಡೆಯ ಪಕ್ಕದ ತಂತಿಯೂ ಸಡಿಲವಾಗಿ ಉಳಿಯುತ್ತದೆ. ಎರಡು ಸಲ ಮೀಟಿದರೆ ಆ ಸಡಿಲವೆಲ್ಲ ಈಚೆಗೆ ಬಂದು ಸ್ವರ ಕುಸಿಯುತ್ತದೆ.

ಸರಿ. ತುದಿಯ ಹಿಡಿತ ಗಟ್ಟಿಯಾಯಿತು. ತಂತಿಯೂ ಪಳಗಿತು. ಆದರೂ ಶ್ರುತಿ ನಿಲ್ಲುತ್ತಿಲ್ಲ ಎನ್ನುತ್ತೀರಾ? ಹಾಗಾದರೆ ನಡುವಿನ ದಾರಿಗೆ ಬನ್ನಿ. ಕಳ್ಳ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿಯೇ.

ಗಿಟಾರಿನ ಉದ್ದ ಕತ್ತನ್ನು ಕಲ್ಪಿಸಿಕೊಳ್ಳಿ. ಕತ್ತು ಮುಗಿದು ತಲೆ ಶುರುವಾಗುವ ಜಾಗದಲ್ಲಿ ಅಡ್ಡಲಾಗಿ ಒಂದು ಪುಟ್ಟ ಪಟ್ಟಿ ಕೂತಿದೆ. ಬೆರಳಿನ ಅಗಲಕ್ಕಿಂತ ಎರಡೂವರೆ ಪಟ್ಟು ಉದ್ದ, ಕಡ್ಡಿಯಷ್ಟು ದಪ್ಪ. ಮೂಳೆಯದೋ ಪ್ಲಾಸ್ಟಿಕ್ಕಿನದೋ ಇರುತ್ತದೆ. ಇದಕ್ಕೆ ನಟ್ ಎನ್ನುತ್ತಾರೆ. ಬೋಲ್ಟಿನ ಜತೆಗಾರ ನಟ್ ಅಲ್ಲ, ಇದು ಬೇರೆ. ಅದರ ಮೇಲೆ ಆರು ಗೀರುಗಳು. ಒಂದೊಂದು ಗೀರಿನಲ್ಲಿ ಒಂದೊಂದು ತಂತಿ ಹಾದು ಬಿರಡೆಗೆ ಹೋಗುತ್ತದೆ. ನೋಡಿದರೆ ಏನೂ ಅಲ್ಲದ ವಸ್ತು. ಇಡೀ ಗಿಟಾರಿನಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಇದರ ಮುಂದೆ.

ಏನಾಗುತ್ತದೆ ಕೇಳಿ. ವೀಣೆಯಲ್ಲಿ ಗಮಕಕ್ಕೆ ತಂತಿಯನ್ನು ಅಡ್ಡಕ್ಕೆ ಎಳೆಯುತ್ತಾರಲ್ಲ, ಗಿಟಾರಿನಲ್ಲೂ ಹಾಗೆ ಎಳೆಯುತ್ತಾರೆ. ಅದನ್ನು ಬೆಂಡ್ ಎನ್ನುತ್ತಾರೆ. ಎಳೆದಾಗ ಬಿರಡೆಯ ಕಡೆಯಿಂದ ಒಂದಿಷ್ಟು ತಂತಿ ನಟ್ಟಿನ ಗೀರಿನ ಮೂಲಕ ಈಚೆಗೆ ಜಾರಿ ಬರುತ್ತದೆ. ಬಿಟ್ಟಾಗ ಅಷ್ಟೇ ತಂತಿ ವಾಪಸು ಹೋಗಬೇಕು. ಗೀರು ಇಕ್ಕಟ್ಟಾಗಿದ್ದರೆ ಬಂದದ್ದು ವಾಪಸು ಹೋಗುವುದಿಲ್ಲ. ಅಲ್ಲೇ ಸಿಕ್ಕಿಕೊಳ್ಳುತ್ತದೆ. ಈಚೆ ಕಡೆ ತಂತಿ ಹೆಚ್ಚಾಯಿತು. ಸ್ವರ ಇಳಿಯಿತು. ನೀವು ಬಿರಡೆ ತಿರುವಿ ಸರಿಮಾಡುತ್ತೀರಿ. ಇನ್ನೊಂದು ಬೆಂಡಿಗೆ ಆ ಸಿಕ್ಕು ಬಿಡುತ್ತದೆ. ಈಗ ಸ್ವರ ಏರಿತು. ಬಿರಡೆ ಲೂಸ್ ಎಂದು ಬೈಯುವುದು ಆಗ.

ಈ ಸಿಕ್ಕು ಕಣ್ಣಿಗೆ ಕಾಣುವುದಿಲ್ಲ. ಕಿವಿಗೆ ಕೇಳುತ್ತದೆ. ಬಾನುಲಿಯಲ್ಲಿ ಹೇಳಲು ಅನುಕೂಲವಾಯಿತು. ನಿಶ್ಶಬ್ದವಾದ ಕೋಣೆಯಲ್ಲಿ ಕೂತು ಬಿರಡೆಯನ್ನು ಬಹಳ ನಿಧಾನವಾಗಿ ಏರಿಸಿ. ನಟ್ಟಿನ ಹತ್ತಿರ "ಟಿಕ್" ಎಂಬ ಸಣ್ಣ ಸದ್ದು ಬಂತೇ? ಟ್ಯೂನರಿನ ಮುಳ್ಳು ಮೆಲ್ಲಗೆ ಏರುವ ಬದಲು ನಿಂತು ನಿಂತು ಜಿಗಿಯಿತೇ? ಹಾಗಾದರೆ ತಂತಿ ಗೀರಿನಲ್ಲಿ ಸಿಕ್ಕಿದೆ. ಇನ್ನೊಂದು ಪರೀಕ್ಷೆಯಿದೆ. ತಂತಿಯನ್ನು ಚೆನ್ನಾಗಿ ಬೆಂಡ್ ಮಾಡಿ ಬಿಡಿ. ಸ್ವರ ಇಳಿದಿದೆ ಎನ್ನೋಣ. ಬಿರಡೆ ಮುಟ್ಟಬೇಡಿ. ನಟ್ಟಿಗೂ ಬಿರಡೆಗೂ ನಡುವೆ ಇರುವ ತಂತಿಯ ತುಂಡನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಸ್ವರ ತನ್ನ ಜಾಗಕ್ಕೆ ಬಂದರೆ ತಪ್ಪು ನಟ್ಟಿನದೇ. ಬರದೆ ಇಳಿದೇ ಇದ್ದರೆ ಬಿರಡೆಯ ಸುತ್ತುಗಳನ್ನು ಮತ್ತೊಮ್ಮೆ ನೋಡಿ.

ಪರಿಹಾರದ ಮೊದಲ ಹೆಜ್ಜೆಗೆ ಐದು ರೂಪಾಯಿಯ ಪೆನ್ಸಿಲ್ ಸಾಕು. ಪೆನ್ಸಿಲಿನ ಕಡ್ಡಿಯಲ್ಲಿ ಇರುವುದು ಗ್ರಾಫೈಟ್. ಅದು ಒಣ ಜಾರು. ಮೆದು ಕಡ್ಡಿಯ ಪೆನ್ಸಿಲ್ ಒಳ್ಳೆಯದು. ತಂತಿಯನ್ನು ಸಡಿಲಿಸಿ, ಗೀರಿನಿಂದ ಎತ್ತಿ ಪಕ್ಕಕ್ಕಿಡಿ. ಪೆನ್ಸಿಲಿನ ಮೊನೆಯನ್ನು ಗೀರಿನೊಳಗೆ ಹತ್ತಾರು ಸಲ ಉಜ್ಜಿ. ಪುಡಿ ಕೂರಲಿ. ತಂತಿಯನ್ನು ಮತ್ತೆ ಕೂರಿಸಿ ಶ್ರುತಿ ಮಾಡಿ. ಪಿಟೀಲಿನ ಬಿರಡೆಗೆ ಹಿಡಿತ ಬರಲೆಂದು ಸೀಮೆಸುಣ್ಣ. ಗಿಟಾರಿನ ನಟ್ಟಿಗೆ ಹಿಡಿತ ಹೋಗಲೆಂದು ಪೆನ್ಸಿಲ್. ಒಂದು ಎಚ್ಚರಿಕೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡವೇ ಬೇಡ. ಅದು ಮರಕ್ಕೆ ಇಳಿಯುತ್ತದೆ, ಧೂಳು ಹಿಡಿಯುತ್ತದೆ, ಆಮೇಲೆ ಮೊದಲಿಗಿಂತ ಹೆಚ್ಚು ಸಿಕ್ಕುತ್ತದೆ.

ಪೆನ್ಸಿಲಿಗೆ ಬಗ್ಗದ ಗೀರುಗಳಿವೆ. ನೈನ್ ಸೆಟ್ಟಿಗೆ ಕೊರೆದ ಗೀರಿನಲ್ಲಿ ಇಲೆವೆನ್ ಸೆಟ್ ಹಾಕಿದರೆ ದಪ್ಪ ತಂತಿ ಅಲ್ಲಿ ಬೆಣೆಯಂತೆ ಕೂರುತ್ತದೆ. ಆಗ ಗೀರನ್ನು ಅಗಲ ಮಾಡಬೇಕು. ಅದಕ್ಕೆಂದೇ ತಂತಿಯ ದಪ್ಪಕ್ಕೆ ಸರಿಯಾದ ಸಣ್ಣ ಅರಗಳು ಸಿಗುತ್ತವೆ. ಗೀರು ಬಿರಡೆಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ತಳ ಗುಂಡಗಿರಬೇಕು. ಅಗಲ ಮಾಡಿ, ಆಳ ಮಾಡಬೇಡಿ. ಆಳವಾದರೆ ತಂತಿ ಮೊದಲ ಮೆಟ್ಟಿಲಿಗೆ ತಗುಲಿ ಜಿರ್ ಎನ್ನುತ್ತದೆ. ಹಾಗಾದರೂ ದಾರಿಯಿದೆ. ಗೀರಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮತ್ತೆ ಕೊರೆಯಬಹುದು. ರಿಪೇರಿಯವರ ಹಳೆಯ ಉಪಾಯ ಇದು. ಮೊದಲ ಸಲವಾದರೆ ಅರ ಹಿಡಿಯುವ ಕೆಲಸ ತಿಳಿದವರ ಕೈಗೆ ಬಿಡಿ ಎನ್ನುವುದು ನನ್ನ ಸಲಹೆ.

ಗಿಟಾರಿನ ತಲೆಯ ಆಕಾರವೂ ಇದರಲ್ಲಿ ಪಾಲುದಾರ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿ 1952ರಿಂದ ಇದೆ. ಅದರ ತಲೆಯ ಎರಡೂ ಬದಿಗೆ ಮೂರು ಮೂರು ಬಿರಡೆ. ತಲೆ ಹಿಂದಕ್ಕೆ ವಾಲಿರುತ್ತದೆ. ಹೀಗಾಗಿ ನಟ್ ದಾಟಿದ ತಂತಿ ಕೆಳಕ್ಕೂ ಬಾಗಬೇಕು, ಪಕ್ಕಕ್ಕೂ ತಿರುಗಬೇಕು. ನಡುವಿನ ಎರಡು ತಂತಿಗಳು ಅತಿ ದೂರದ ಬಿರಡೆಗೆ ಹೋಗುವುದರಿಂದ ಅವಕ್ಕೆ ತಿರುವು ಹೆಚ್ಚು. ಆ ಎರಡರಲ್ಲಿ ಒಂದು ಯಾವುದು ಗೊತ್ತೇ? ಅದೇ ಜಿ. ಮೊದಲೇ ಹಿಗ್ಗು ಕಡಿಮೆ, ಮೇಲೆ ಈ ತಿರುವು. ಫೆಂಡರ್ ಕಂಪನಿಯ ಮಾದರಿಯಲ್ಲಿ ಆರೂ ಬಿರಡೆಗಳು ಒಂದೇ ಬದಿಗೆ ಸಾಲಾಗಿರುತ್ತವೆ. ತಂತಿ ನೇರ ಹೋಗುತ್ತದೆ. ಆದರೆ ಅಲ್ಲಿ ತೆಳು ತಂತಿಗಳನ್ನು ಕೆಳಕ್ಕೆ ಒತ್ತಿಹಿಡಿಯಲು ತಲೆಯ ಮೇಲೆ ಒಂದು ಚಿಕ್ಕ ಲೋಹದ ಕೊಕ್ಕೆ ಇರುತ್ತದೆ. ಅದರಡಿಯಲ್ಲೂ ತಂತಿ ಸಿಕ್ಕುತ್ತದೆ. ಅಲ್ಲಿಗೂ ಪೆನ್ಸಿಲ್ ತೋರಿಸಿ.

ಇಲ್ಲಿಯವರೆಗೆ ತಲೆಯ ಕಡೆಯ ಮಾತಾಯಿತು. ಬಿರಡೆಯಲ್ಲಿ ಹಿಡಿತ, ನಟ್ಟಿನಲ್ಲಿ ಜಾರು. ಇನ್ನು ಗಿಟಾರಿನ ಹೊಟ್ಟೆಯ ಕಡೆಗೆ ಹೋಗೋಣ. ಅಲ್ಲಿ ತಂತಿಗಳು ಕೂರುವ ಬ್ರಿಡ್ಜ್ ಇದೆ. ವೀಣೆಯವರ ಮಾತಿನಲ್ಲಿ ಕುದುರೆ. ಕೆಲವು ಗಿಟಾರುಗಳಲ್ಲಿ ಈ ಕುದುರೆ ಅಲುಗುವುದಿಲ್ಲ. ಕೆಲವುಗಳಲ್ಲಿ ಅಲುಗುತ್ತದೆ. ಅಲುಗುವ ಕುದುರೆಯ ಗಿಟಾರ್ ನಿಮ್ಮದಾದರೆ ಸ್ವಲ್ಪ ಗಮನವಿಟ್ಟು ಕೇಳಿ.

ಇದರ ಹಿಂದೆ ಒಬ್ಬ ರೇಡಿಯೋ ರಿಪೇರಿಯವನ ಕಥೆಯಿದೆ. ಹೆಸರು ಲಿಯೋ ಫೆಂಡರ್. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ 1930ರ ದಶಕದ ಕೊನೆಗೆ ಅವನು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಗಿಟಾರ್ ನುಡಿಸಲು ಅವನಿಗೆ ಕೊನೆಯವರೆಗೂ ಬರಲಿಲ್ಲ. ಆದರೂ 1954ರಲ್ಲಿ ಅವನ ಕಂಪನಿ ತಂದ ಸ್ಟ್ರಾಟೋಕಾಸ್ಟರ್ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಗಿಟಾರುಗಳಲ್ಲೊಂದು. ನಮ್ಮ ಅಂಗಡಿಗಳಲ್ಲಿ ಕಲಿಯುವವರಿಗೆಂದು ಮಾರುವ ಎಲೆಕ್ಟ್ರಿಕ್ ಗಿಟಾರುಗಳಲ್ಲೂ ಬಹಳಷ್ಟು ಇದರ ನಕಲೇ.

ಸ್ಟ್ರಾಟೋಕಾಸ್ಟರಿನ ಕುದುರೆ ಮುಂಭಾಗದಲ್ಲಿ ಆರು ಸ್ಕ್ರೂಗಳ ಮೇಲೆ ನಿಂತಿದೆ. ಅದಕ್ಕೆ ಒಂದು ಉದ್ದ ಹಿಡಿ ಇದೆ. ಹಿಡಿ ಒತ್ತಿದರೆ ಕುದುರೆ ಮುಂದಕ್ಕೆ ವಾಲುತ್ತದೆ. ಆರೂ ತಂತಿಗಳು ಸಡಿಲವಾಗಿ ಸ್ವರ ತೊನೆಯುತ್ತ ಇಳಿಯುತ್ತದೆ. ಹಿಡಿ ಬಿಟ್ಟರೆ ವಾಪಸು ಬರುತ್ತದೆ. ವಾಪಸು ತರುವುದು ಯಾರು? ಗಿಟಾರನ್ನು ಮಗುಚಿ ಹಿಂಬದಿಯ ಮುಚ್ಚಳ ತೆಗೆದರೆ ಕಾಣುತ್ತದೆ. ಒಳಗೆ ಮೂರರಿಂದ ಐದು ಉಕ್ಕಿನ ಸ್ಪ್ರಿಂಗುಗಳು. ಮೇಲಿನಿಂದ ತಂತಿಗಳು 45 ಕಿಲೋ ಎಳೆಯುತ್ತವೆ. ಒಳಗಿನಿಂದ ಸ್ಪ್ರಿಂಗುಗಳು ಅದಕ್ಕೆ ಎದುರಾಗಿ ಎಳೆಯುತ್ತವೆ. ಕುದುರೆ ನಡುವೆ ತಕ್ಕಡಿಯ ಮುಳ್ಳಿನಂತೆ ನಿಂತಿರುತ್ತದೆ.

ಇದರಿಂದ ಒಂದು ವಿಚಿತ್ರ ಫಜೀತಿ ಆಗುತ್ತದೆ. ಆರನೆಯ ತಂತಿಯನ್ನು ಏರಿಸುತ್ತೀರಿ. ಎಳೆತ ಹೆಚ್ಚಿ ಕುದುರೆ ಕೂದಲಷ್ಟು ಮುಂದಕ್ಕೆ ವಾಲುತ್ತದೆ. ಉಳಿದ ಐದೂ ತಂತಿಗಳು ಇಳಿಯುತ್ತವೆ. ಅವನ್ನು ಏರಿಸಿದರೆ ಆರನೆಯದು ಇಳಿಯುತ್ತದೆ. ಒಂದು ತಂತಿ ಕಡಿದುಹೋದರೆ ಉಳಿದವೆಲ್ಲ ಏರಿ ಕೂರುತ್ತವೆ. ಗಿಟಾರ್ ಕೆಟ್ಟಿಲ್ಲ. ಅದರ ರಚನೆಯೇ ಹಾಗೆ. ಮೂರು ನಾಲ್ಕು ಸಲ ಆರೂ ತಂತಿಗಳನ್ನು ಸುತ್ತಿ ಬಂದರೆ ಕೊನೆಗೆ ನಿಲ್ಲುತ್ತದೆ. ತಾಳ್ಮೆ ಬೇಕು.

ಆದರೆ ಸರಿಯಾಗಿ ನಿಂತ ಮೇಲೂ ಹಿಡಿ ಮುಟ್ಟಿದ ಕೂಡಲೇ ಶ್ರುತಿ ಹೋಗುತ್ತದೆಯೇ? ಆಗ ಸಿಕ್ಕು ಎಲ್ಲಿದೆ ನೋಡಬೇಕು. ಹಿಡಿಯನ್ನು ಒತ್ತಿ ಬಿಡಿ. ಸ್ವರ ಮೊದಲಿಗಿಂತ ಏರಿದೆಯೇ? ಹಾಗಾದರೆ ಮತ್ತೆ ನಟ್ಟೇ. ತಂತಿ ಸಡಿಲವಾದಾಗ ಒಂದಿಷ್ಟು ಬಿರಡೆಯ ಕಡೆ ಸರಿದು ಅಲ್ಲೇ ಸಿಕ್ಕಿಕೊಂಡಿದೆ. ಬೆಂಡ್ ಮಾಡಿದಾಗ ಇಳಿಯುತ್ತದೆ, ಹಿಡಿ ಒತ್ತಿದಾಗ ಏರುತ್ತದೆ. ಎರಡಕ್ಕೂ ಒಂದೇ ಗೀರು ಕಾರಣ. ಈ ಒಂದು ಗುರುತು ತಿಳಿದಿದ್ದರೆ ಅರ್ಧ ರಿಪೇರಿ ಮುಗಿದಂತೆ. ಹಾಗಲ್ಲದೆ ಒತ್ತಿದಾಗ ಒಂದು ಜಾಗಕ್ಕೆ, ಎತ್ತಿದಾಗ ಇನ್ನೊಂದು ಜಾಗಕ್ಕೆ ಬಂದು ಆರೂ ತಂತಿಗಳು ಒಟ್ಟಿಗೇ ತಪ್ಪುತ್ತಿದ್ದರೆ ಕುದುರೆಯ ಸ್ಕ್ರೂಗಳ ಬುಡ ನೋಡಿ. ಸ್ಕ್ರೂ ಅತಿ ಬಿಗಿಯಾಗಿದ್ದರೆ, ಒರಗುವ ಅಂಚು ಸವೆದಿದ್ದರೆ ಕುದುರೆ ತನ್ನ ಜಾಗಕ್ಕೆ ಮರಳುವುದಿಲ್ಲ.

ಹಿಡಿಯನ್ನು ನೀವು ಬಳಸುವುದೇ ಇಲ್ಲವೇ? ಬಹಳ ಜನ ಬಳಸುವುದಿಲ್ಲ. ಆಗ ಕೆಲಸ ಸುಲಭ. ಹಿಂಬದಿಯಲ್ಲಿ ಸ್ಪ್ರಿಂಗುಗಳನ್ನು ಹಿಡಿದಿರುವ ಒಂದು ತಗಡು ಇದೆ. ಅದಕ್ಕೆ ಎರಡು ದೊಡ್ಡ ಸ್ಕ್ರೂ. ಅವನ್ನು ಬಿಗಿ ಮಾಡುತ್ತ ಹೋಗಿ. ಬೇಕಾದರೆ ಐದೂ ಸ್ಪ್ರಿಂಗ್ ಹಾಕಿ. ಕುದುರೆ ಗಿಟಾರಿನ ಮೈಗೆ ಒತ್ತಿಕೊಂಡು ಕೂರುತ್ತದೆ, ಅಲುಗುವುದಿಲ್ಲ. ಬ್ಲೂಸ್ ದಿಗ್ಗಜ ಎರಿಕ್ ಕ್ಲಾಪ್ಟನ್ ತನ್ನ ಸ್ಟ್ರಾಟೋಕಾಸ್ಟರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳಗೆ ಮರದ ತುಂಡನ್ನೇ ಅಡ್ಡವಿಡಿಸಿ ಕುದುರೆಯನ್ನು ನಿಲ್ಲಿಸಿಬಿಟ್ಟ. ಇದಕ್ಕೆ ವಿರುದ್ಧದ ತುದಿಯಲ್ಲಿ ಇನ್ನೊಬ್ಬ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್. ಹಿಡಿಯನ್ನು ಅವನಷ್ಟು ಜಗ್ಗಾಡಿದವರು ಅವನ ಕಾಲದಲ್ಲಿ ಕಡಿಮೆ. ಶ್ರುತಿ ತಪ್ಪುತ್ತಿತ್ತು. ಹಾಡಿನ ನಡುವೆಯೇ ಬಿರಡೆ ತಿರುವಿ ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದ. ಅದು ಅವನಿಗೆ ಸಲ್ಲುತ್ತಿತ್ತು. ನಮಗೆ ಪೆನ್ಸಿಲೇ ಗತಿ.

ತುದಿಯ ಹಿಡಿತ ನೋಡಿದೆವು. ನಟ್ಟಿನ ಸಿಕ್ಕು ನೋಡಿದೆವು. ಅಲುಗುವ ಕುದುರೆಯನ್ನೂ ನೋಡಿದೆವು. ಇವು ಮೂರೂ ಒಂದು ಹಾಡಿನೊಳಗೆ ಶ್ರುತಿ ಕೆಡಿಸುವ ಕಾರಣಗಳು. ನಿಧಾನವಾಗಿ ಕೆಡಿಸುವ ಕಾರಣವೊಂದಿದೆ. ಅದು ಹವೆ.

ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ತಂತಿಯೊಂದೇ 10 ಡಿಗ್ರಿ ಬಿಸಿಯಾದರೆ ಮೊದಲನೆಯ ತಂತಿಯ ಸ್ವರ ಸ್ವಲ್ಪವೇ ಇಳಿಯುತ್ತದೆ. ಜಿ ತಂತಿ ಮಾತ್ರ ಮೆಟ್ಟಿಲಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಯಬಹುದು. ಏರ್ ಕಂಡೀಷನ್ ಕೋಣೆಯಲ್ಲಿ ಶ್ರುತಿ ಮಾಡಿ, ಹೊರಗೆ ವೇದಿಕೆಯ ಬಿಸಿ ದೀಪಗಳ ಕೆಳಗೆ ನಿಂತರೆ ಆಗುವುದು ಇದೇ. ಗಿಟಾರನ್ನು ಅರ್ಧ ಗಂಟೆ ಮೊದಲೇ ವೇದಿಕೆಯ ಮೇಲೆ ಇಡಿ. ಅಲ್ಲಿಯ ಶಾಖಕ್ಕೆ ಒಗ್ಗಿದ ಮೇಲೆ ಶ್ರುತಿ ಮಾಡಿ.

ಮರದ ಕತ್ತಿನ ಚಾಳಿ ಬೇರೆ. ಅದು ತೇವ ಕುಡಿಯುತ್ತದೆ, ಒಣಗುತ್ತದೆ, ಅದಕ್ಕೆ ತಕ್ಕಂತೆ ಬಾಗುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಮಳೆಗಾಲದಲ್ಲಿ ಇದರ ಅನುಭವ ಚೆನ್ನಾಗಿರುತ್ತದೆ. ಅಲ್ಲಿ ತಂತಿಗೂ ಬೇಗ ತುಕ್ಕು. ತುಕ್ಕು ಹಿಡಿದ ತಂತಿ ಒಂದೇ ಸಮನಾಗಿ ಕಂಪಿಸುವುದಿಲ್ಲ, ಯಾವ ಶ್ರುತಿಗೂ ಕೂರುವುದಿಲ್ಲ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸುವ ಅಭ್ಯಾಸ ಅಲ್ಲಿ ಎರಡು ಪಟ್ಟು ಅಗತ್ಯ.     ಕತ್ತು ಬಾಗಿದರೆ ಶ್ರುತಿ ಕೆಡಲು ದಿನಗಳು ಬೇಕು. ಹತ್ತು ನಿಮಿಷದಲ್ಲಿ ಕೆಟ್ಟರೆ ಮಳೆಯನ್ನು ದೂರಬೇಡಿ.

ಇನ್ನು ರೋಗವಲ್ಲದ ರೋಗಗಳು ಎರಡು. ಮೊದಲನೆಯದು ಪಿಕಪ್. ತಂತಿಗಳ ಅಡಿಯಲ್ಲಿ ಕೂತು ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಪಟ್ಟಿ ಅದು. ಸದ್ದು ಜೋರಾಗಲಿ ಎಂದು ಅದನ್ನು ತೀರ ಮೇಲೆ ಎತ್ತಿದರೆ ಅಯಸ್ಕಾಂತ ತಂತಿಯನ್ನು ಎಳೆಯುತ್ತದೆ. ದಪ್ಪ ತಂತಿಯನ್ನು ಮೇಲಿನ ಮೆಟ್ಟಿಲುಗಳಲ್ಲಿ ನುಡಿಸಿದರೆ ಒಂದೇ ಸ್ವರ ಎರಡಾಗಿ ಅಲೆಅಲೆಯಾಗಿ ಕೇಳುತ್ತದೆ. ಟ್ಯೂನರಿನ ಮುಳ್ಳು ನಿಲ್ಲುವುದೇ ಇಲ್ಲ. ಪಿಕಪ್ಪಿನ ಎರಡು ಬದಿಯ ಸ್ಕ್ರೂ ತಿರುವಿ ಕೆಳಗಿಳಿಸಿ. ಕೊನೆಯ ಮೆಟ್ಟಿಲಿನಲ್ಲಿ ತಂತಿ ಒತ್ತಿದಾಗ ಎರಡರಿಂದ ಮೂರು ಮಿಲಿಮೀಟರ್ ಅಂತರವಿರಲಿ.

ಎರಡನೆಯದು ನಮ್ಮ ಕಿವಿ. ತಂಬೂರಿಗೆ ಒಗ್ಗಿದವರು ಗಿಟಾರ್ ಹಿಡಿದಾಗ ಇದು ಬರುತ್ತದೆ. ಇ ಮೇಜರ್ ಸ್ವರಮೇಳ ನುಡಿಸುತ್ತಾರೆ. ಅದರಲ್ಲಿಯ ಗಾಂಧಾರ ಒಂದು ಎಳೆ ಹೆಚ್ಚಾಗಿ ಕೇಳುತ್ತದೆ. ಕಿವಿ ಸುಳ್ಳು ಹೇಳುತ್ತಿಲ್ಲ. ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಅಂತರ ಗಾಂಧಾರಕ್ಕಿಂತ ಗಿಟಾರಿನ ಮೆಟ್ಟಿಲಿನ ಗಾಂಧಾರ ಹೆಚ್ಚು. ಒಂದು ಮೆಟ್ಟಿಲಿನ ಅಂತರವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲು ಹೆಚ್ಚು. ಗಿಟಾರಿನಲ್ಲಿ 12 ಸ್ವರಸ್ಥಾನಗಳನ್ನು ಸಮಪಾಲು ಮಾಡಿ ಕೂರಿಸಿದ್ದಾರೆ, ಅದರ ಫಲ ಇದು. ಆ ಗಾಂಧಾರ ಹುಟ್ಟುವುದು ಜಿ ತಂತಿಯಲ್ಲಿ. ಇವರು ಆ ತಂತಿಯನ್ನು ಸ್ವಲ್ಪ ಇಳಿಸುತ್ತಾರೆ. ಇ ಮೇಜರ್ ಸೊಗಸಾಗುತ್ತದೆ. ಮರುಕ್ಷಣ ಜಿ ಮೇಜರ್ ಹಾಳಾಗುತ್ತದೆ. ಮತ್ತೆ ಏರಿಸುತ್ತಾರೆ. ಇಂಥವರ ಗಿಟಾರನ್ನು ರಿಪೇರಿ ಮಾಡಲು ನನ್ನಿಂದಾಗದು. ಟ್ಯೂನರ್ ಹೇಳಿದಲ್ಲಿಗೆ ಬಿಟ್ಟು ಕಿವಿಯನ್ನು ಒಗ್ಗಿಸಿಕೊಳ್ಳಬೇಕು ಅಷ್ಟೆ.

ಇಷ್ಟೆಲ್ಲ ಕೇಳಿದ ಮೇಲೆ ನೀವೊಂದು ಪ್ರಶ್ನೆ ಕೇಳಬಹುದು. ತುದಿಯಲ್ಲಿ ಹಿಡಿತ, ನಡುವೆ ಜಾರು ಎಂದಿರಿ. ನಡುವಿನ ದಾರಿಯನ್ನೇ ಇಲ್ಲವಾಗಿಸಿದರೆ? 1970ರ ದಶಕದ ಕೊನೆಗೆ ಫ್ಲಾಯ್ಡ್ ರೋಸ್ ಎಂಬ ಅಮೆರಿಕನ್ ಗಿಟಾರಿಸ್ಟ್ ಮಾಡಿದ್ದು ಅದನ್ನೇ. ತಂತಿಯನ್ನು ಕುದುರೆಯಲ್ಲಿ ಒಂದು ಅಡಕೊತ್ತಿನಲ್ಲಿ ಸಿಕ್ಕಿಸಿದ. ನಟ್ಟಿನಲ್ಲೂ ಲೋಹದ ಬಿಲ್ಲೆಯಿಟ್ಟು ಸ್ಕ್ರೂ ಹಾಕಿ ಬಿಗಿದ. ಈಗ ನಟ್ಟೇ ತುದಿ, ಕುದುರೆಯೇ ತುದಿ. ಜಾರಲು ಜಾಗವೇ ಇಲ್ಲ. ಹಿಡಿಯನ್ನು ಎಷ್ಟು ಜಗ್ಗಿದರೂ ಶ್ರುತಿ ಮರಳಿ ಬಂತು. ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ಅದನ್ನು ಲೋಕಪ್ರಸಿದ್ಧ ಮಾಡಿದ.

ಆದರೆ ನಟ್ ಬಿಗಿದ ಮೇಲೆ ಬಿರಡೆಗೆ ಕೆಲಸವಿಲ್ಲ. ಸ್ವಲ್ಪ ಶ್ರುತಿ ತಿದ್ದಬೇಕೆಂದರೆ ಸ್ಕ್ರೂ ಬಿಚ್ಚಬೇಕು. ಅದಕ್ಕೆಂದು ಆಮೇಲೆ ಕುದುರೆಯ ಮೇಲೆಯೇ ಬೆರಳಿನಿಂದ ತಿರುವುವ ಆರು ಪುಟ್ಟ ಗುಂಡಿಗಳು ಬಂದವು. ತಂಬೂರಿಯ ಕುದುರೆಯ ಕೆಳಗೆ ಸೂಕ್ಷ್ಮ ಶ್ರುತಿಗೆ ಮಣಿ ಸರಿಸುತ್ತೇವಲ್ಲ, ಅವು ಮಾಡುವುದೂ ಅದೇ ಕೆಲಸ. ಇಷ್ಟಿದ್ದರೂ ಕಾರ್ಯಕ್ರಮದ ನಡುವೆ ಒಂದು ತಂತಿ ಕಡಿದರೆ ಕುದುರೆ ವಾಲಿ ಉಳಿದ ಐದೂ ತಪ್ಪುತ್ತವೆ. ಆ ಗಿಟಾರನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವುದೇ ದಾರಿ. ಎರಡನೆಯ ಗಿಟಾರ್ ಇಲ್ಲದವರಿಗೆ, ಇನ್ನೂ ಕಲಿಯುತ್ತಿರುವವರಿಗೆ, ಮಕ್ಕಳಿಗೆ ಮೊದಲ ಗಿಟಾರ್ ಕೊಡಿಸಲು ಹೊರಟ ತಂದೆತಾಯಿಯರಿಗೆ ನಾನು ಹೇಳುವುದು ಇಷ್ಟು: ಅಂಗಡಿಯಲ್ಲಿ ಕುದುರೆಯ ಮೇಲೆ ಕೈಯಿಟ್ಟು ಒಮ್ಮೆ ಒತ್ತಿ ನೋಡಿ. ಅಲುಗದ ಕುದುರೆಯ ಗಿಟಾರನ್ನೇ ಕೇಳಿ ತನ್ನಿ. ಬರುವಾಗ ದಾರಿಯಲ್ಲಿ ಒಂದು ಪೆನ್ಸಿಲ್ ಕೊಂಡುಕೊಳ್ಳಿ.